ದರ್ಶನದಿಂದ ಓದಿಗೆ: ಧವಲ ಗ್ರಂಥಗಳ ಕಟ್ಟು ಬಿಚ್ಚಿದ ಕಥೆ



ಬಹಳ ದಿನ ಕಾದ ಪುಸ್ತಕ ಕೈಗೆ ಬಂದಾಗ ಆಗುವ ಸಡಗರದ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತಾಡಿ ಎಂದಿರಿ. ಕನ್ನಡದ ಓದುಗರಿಗೆ ಈ ಸಡಗರ ಹೊಸದೇನಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದ ಮೇಲೆ, ಚಂದಾ ಕಟ್ಟಿ ಅಂಚೆಯವನ ದಾರಿ ನೋಡುವ ಒಂದು ಓದುಗ ಬಳಗವೇ ಹುಟ್ಟಿಕೊಂಡಿತು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಮೊದಲ ಸಂಪುಟ ಕೊಂಡ ವರ್ಷ ಮಗ ಶಾಲೆಗೆ ಸೇರಿದ್ದರೆ, ಕೊನೆಯ ಸಂಪುಟ ಮನೆಗೆ ಬರುವ ಹೊತ್ತಿಗೆ ಅವನ ಮಗಳು ಅಕ್ಷರ ತಿದ್ದುತ್ತಿದ್ದಳು. ಹಾಗಿದ್ದರೂ ಇವೆಲ್ಲ ಒಂದು ಆಯಸ್ಸಿನೊಳಗೆ ತೀರುವ ಕಾಯುವಿಕೆ. ನಾನು ಇವತ್ತು ಎತ್ತಿಕೊಂಡಿರುವ ಪುಸ್ತಕಕ್ಕಾಗಿ ಜನ ಕಾದದ್ದು ತಲೆಮಾರುಗಳ ಲೆಕ್ಕದಲ್ಲಿ. ಅದರಲ್ಲೂ ಒಂದು ವಿಚಿತ್ರವಿದೆ. ಆ ಪುಸ್ತಕ ಎಲ್ಲೂ ಕಳೆದುಹೋಗಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಇತ್ತು. ವರ್ಷ ವರ್ಷ ನೂರಾರು ಜನ ಅದಕ್ಕೆ ಕೈಮುಗಿದು ಹೋಗುತ್ತಿದ್ದರು.

ಮೂಡುಬಿದಿರೆಯ ಗುರು ಬಸದಿಯಲ್ಲಿ ಇರಿಸಿದ್ದ ಧವಲ, ಜಯಧವಲ, ಮಹಾಧವಲ ಎಂಬ ಮೂರು ಓಲೆಗರಿಯ ಗ್ರಂಥಗಳ ಮಾತು ಇದು. ಆ ಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರು ಬಂದದ್ದೇ ಈ ಗ್ರಂಥಗಳಿಂದ. ಯಾತ್ರೆಗೆ ಬಂದವರು ಅಲ್ಲಿನ ರತ್ನದ ಜಿನಬಿಂಬಗಳನ್ನು ನೋಡಿ, ಜೊತೆಗೆ ಸಿದ್ಧಾಂತ ದರ್ಶನವನ್ನೂ ಮಾಡಿ, ಕಾಣಿಕೆ ಹಾಕಿ ಮುಂದಕ್ಕೆ ಹೋಗುತ್ತಿದ್ದರು. ದರ್ಶನ ಎಂದರೆ ದರ್ಶನವೇ. ಗರಿ ಕಂಡರೆ ಸಾಕು, ಅಕ್ಷರ ಕೂಡಿಸುವ ಗೋಜಿಲ್ಲ. ಸಿದ್ಧಾಂತ ಗ್ರಂಥಗಳನ್ನು ಗೃಹಸ್ಥರು ಓದಬಾರದು ಎಂಬ ನಂಬಿಕೆಯೂ ಅದಕ್ಕೆ ಒತ್ತಾಸೆಯಾಗಿ ನಿಂತಿತ್ತು.

ಆ ಕಟ್ಟಿನೊಳಗೆ ಏನಿತ್ತು ಎಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಮಹಾವೀರನ ಉಪದೇಶ ಬಾಯಿಂದ ಬಾಯಿಗೆ ಸಾಗಿ ಬರುತ್ತಾ ಸವೆಯುತ್ತಾ ಹೋಯಿತು. ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ತಮ್ಮೊಂದಿಗೆ ತಮಗೆ ತಿಳಿದದ್ದೂ ಹೋದೀತೆಂಬ ಚಿಂತೆ ಹತ್ತಿತು. ಅವರು ದಕ್ಷಿಣದ ಮುನಿಸಂಘಕ್ಕೆ ಓಲೆ ಕಳಿಸಿದರು. ಇಬ್ಬರು ತರುಣ ಮುನಿಗಳು ಬಂದರು. ಗುರು ಅವರನ್ನು ಪರೀಕ್ಷೆ ಮಾಡಿದ ಬಗೆ ನನಗೆ ಬಹಳ ಇಷ್ಟ. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಜಪ ಮಾಡಿದಾಗ ಒಬ್ಬನಿಗೆ ಹಲ್ಲು ಹೊರಚಾಚಿದ ದೇವತೆ ಕಾಣಿಸಿಕೊಂಡಳು, ಇನ್ನೊಬ್ಬನಿಗೆ ಒಕ್ಕಣ್ಣಿನವಳು. ದೇವತೆಗಳು ಹೀಗಿರುವುದಿಲ್ಲವಲ್ಲ, ಮಂತ್ರದಲ್ಲೇ ಏನೋ ಎಡವಟ್ಟಿದೆ ಎಂದುಕೊಂಡು ಇಬ್ಬರೂ ತಾವಾಗಿಯೇ ಅಕ್ಷರ ತಿದ್ದಿಕೊಂಡರು. ಗುರುವಿಗೆ ಅಷ್ಟೇ ಬೇಕಾಗಿತ್ತು. ಪಾಠ ಶುರುವಾಯಿತು. ಕರಡು ತಿದ್ದುವವರ ಕುಲಕ್ಕೆ ಮೂಲಪುರುಷರನ್ನು ಹುಡುಕುವುದಾದರೆ ನಾನು ಈ ಇಬ್ಬರನ್ನೇ ತೋರಿಸುತ್ತೇನೆ.

ಅವರೇ ಪುಷ್ಪದಂತ, ಭೂತಬಲಿ. ಪಾಠ ಮುಗಿದ ಮೇಲೆ ಪುಷ್ಪದಂತರು ಬಂದದ್ದು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿ ಸೀಮೆಗೆ. ಅಲ್ಲಿ ಪ್ರಾಕೃತದಲ್ಲಿ 177 ಸೂತ್ರಗಳನ್ನು ರಚಿಸಿ, ಜಿನಪಾಲಿತ ಎಂಬ ಶಿಷ್ಯನ ಕೈಯಲ್ಲಿ ತಮಿಳು ನಾಡಿನ ಕಡೆಗೆ ಹೋಗಿದ್ದ ಭೂತಬಲಿಗೆ ಕಳಿಸಿದರು. ಪುಷ್ಪದಂತರಿಗೆ ಆಯಸ್ಸು ಹೆಚ್ಚಿಲ್ಲ ಎಂದು ತಿಳಿದ ಭೂತಬಲಿ ಉಳಿದದ್ದನ್ನು ತಾವೇ ಬರೆದು ಮುಗಿಸಿದರು. ಆರು ಖಂಡಗಳ ಆ ಗ್ರಂಥವೇ ಷಟ್‌ಖಂಡಾಗಮ. ಅದು ಮುಗಿದಾಗ ಸಂಘವೆಲ್ಲ ಸೇರಿ ಪುಸ್ತಕಕ್ಕೆ ಪೂಜೆ ಮಾಡಿತಂತೆ. ಅದರ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಜೈನರು ಇವತ್ತಿಗೂ ಶ್ರುತಪಂಚಮಿ ಆಚರಿಸುತ್ತಾರೆ. ಅಂದು ಭಂಡಾರದ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಇಡುತ್ತಾರೆ. ಒಂದು ಪುಸ್ತಕ ಬರೆದು ಮುಗಿದದ್ದಕ್ಕೆ ಪಂಚಾಂಗದಲ್ಲಿ ಒಂದು ಹಬ್ಬ! ಲೇಖಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿಯೂ ಕೊಟ್ಟಿಲ್ಲ.

ಈ ಸೂತ್ರಗಳಲ್ಲಿ ಮೊದಲ ಐದು ಖಂಡಗಳ ಭಾಗಕ್ಕೆ ವೀರಸೇನಾಚಾರ್ಯರು ಬರೆದ ಮಹಾವ್ಯಾಖ್ಯಾನವೇ ಧವಲ. ಪ್ರಾಕೃತ, ಸಂಸ್ಕೃತ ಎರಡನ್ನೂ ಹೆಣೆದು ಬರೆದದ್ದು. ಮುಗಿದದ್ದು ರಾಷ್ಟ್ರಕೂಟರ ಕಾಲದಲ್ಲಿ. ಹೀರಾಲಾಲ ಜೈನರ ಲೆಕ್ಕದಂತೆ ಕ್ರಿ.ಶ. 816ರಲ್ಲಿ. ಕಷಾಯಪ್ರಾಭೃತ ಎಂಬ ಇನ್ನೊಂದು ಗ್ರಂಥಕ್ಕೆ ವೀರಸೇನರು ತೊಡಗಿದ ಜಯಧವಲ ಟೀಕೆಯನ್ನು ಅವರ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದರು. ಅಮೋಘವರ್ಷ ನೃಪತುಂಗನ ಗುರುವೆಂದು ಹೆಸರಾದ ಜಿನಸೇನರು ಇವರೇ. ಆರನೆಯ ಖಂಡ ಮಹಾಬಂಧ. ಅದನ್ನೇ ಜನ ಮಹಾಧವಲ ಎಂದರು. ಧವಲದ ಗಾತ್ರ 72,000 ಗ್ರಂಥ ಎಂದು ಹೇಳುತ್ತಾರೆ. ಒಂದು ಗ್ರಂಥವೆಂದರೆ 32 ಅಕ್ಷರ. ಅಲ್ಲಿಗೆ ಅದೊಂದರಲ್ಲೇ 23 ಲಕ್ಷ ಅಕ್ಷರ. ಓಲೆಗರಿಯ ಮೇಲೆ 23 ಲಕ್ಷ ಅಕ್ಷರ ಇಳಿಸುವುದೆಂದರೆ ಏನು ಎಂದು, ಎರಡು ಪುಟ ಬರೆಯುವಷ್ಟರಲ್ಲಿ ಬೆರಳು ಜೋಮು ಹಿಡಿಯುವ ನಾವು ಸುಮ್ಮನೆ ಊಹಿಸಿಕೊಳ್ಳಬಹುದು.

ಮೂಡುಬಿದಿರೆಯಲ್ಲಿರುವ ಪ್ರತಿಗಳನ್ನು ಬರೆದದ್ದು ಹಳೆಯ ಕನ್ನಡ ಲಿಪಿಯಲ್ಲಿ, ಸುಮಾರು ಹನ್ನೆರಡನೆಯ ಶತಮಾನದಲ್ಲಿ. ನಮ್ಮ ಕಡೆ ಓಲೆಗರಿ ಎಂದರೆ ಕಂಠದಿಂದ ಕೊರೆದು ಮಸಿ ಸವರುವುದು ರೂಢಿ. ಇವು ಹಾಗಲ್ಲ, ಅಗಲವಾದ ಶ್ರೀತಾಳೆಯ ಗರಿಯ ಮೇಲೆ ಲೇಖನಿಯನ್ನು ಶಾಯಿಗೆ ಅದ್ದಿ ಬರೆದವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಬರೆಸಿದವರು ಯಾರು? ಗ್ರಂಥಗಳ ಪ್ರಶಸ್ತಿ ಪದ್ಯಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆ. ಬನ್ನಿಕೆರೆಯ ದೇಮಿಯಕ್ಕ ಧವಲವನ್ನು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಲ್ಲಿಕಬ್ಬೆ ಪಂಚಮಿಯ ನೋಂಪಿ ಮುಗಿಸಿದ ಸಂದರ್ಭದಲ್ಲಿ ಮಹಾಬಂಧವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯನ್ನು ನಾವು ಆಗಾಗ ನೆನೆಯುತ್ತೇವೆ. ಈ ಇಬ್ಬರ ಹೆಸರು ಸಭೆಗಳಲ್ಲಿ ಕೇಳಿಬರುವುದು ಕಡಿಮೆ, ಆದ್ದರಿಂದ ಇವತ್ತು ಹೇಳಿಬಿಡುತ್ತಿದ್ದೇನೆ. ಅವರು ಬರೆಸಿದ್ದು ಓದುವುದಕ್ಕೆ. ಬಲ್ಲ ಮುನಿಯ ಕೈಗೇ ಒಪ್ಪಿಸಿದರು. ಆಮೇಲೆ ಯಾವಾಗಲೋ ಓದು ನಿಂತು ದರ್ಶನ ಉಳಿಯಿತು.

ಇನ್ನು ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಜವೇರಿ ಯಾತ್ರೆಗೆಂದು ಮೂಡುಬಿದಿರೆಗೆ ಬಂದರು. ವ್ಯಾಪಾರಿಯ ಕಣ್ಣು, ರತ್ನಬಿಂಬಗಳ ಜೊತೆಗೆ ಗರಿಗಳ ಅಂಚು ಜೀರ್ಣವಾಗಿರುವುದೂ ಕಂಡಿತು. ಇದನ್ನು ಓದಬಲ್ಲವರು ಯಾರು ಎಂದು ಕೇಳಿದರು. ಇಲ್ಲಿ ನಾವು ಪೂಜೆ ಮಾಡುತ್ತೇವೆ ಅಷ್ಟೆ, ಓದಬಲ್ಲವರು ಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಎಂಬರ್ಥದ ಉತ್ತರ ಸಿಕ್ಕಿತು. ಮಾಣಿಕಚಂದರು ಊರಿಗೆ ಮರಳಿ ಸೊಲ್ಲಾಪುರದ ಗೆಳೆಯ ಸೇಠ್ ಹೀರಾಚಂದ್ ನೇಮಚಂದರಿಗೆ ಈ ಸಂಗತಿ ತಿಳಿಸಿದರು. ಮರುವರ್ಷ ಹೀರಾಚಂದರು ಹೊರಟೇಬಿಟ್ಟರು. ಶ್ರವಣಬೆಳಗೊಳದಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಮೂಡುಬಿದಿರೆಗೆ ಬಂದರು.

ನನ್ನ ಉಪನ್ಯಾಸದ ವಿಷಯ ಇರುವುದು ಈ ಗಳಿಗೆಯಲ್ಲಿ. ದಾರ ಬಿಚ್ಚಿದರು, ಮೇಲಿನ ಹಲಗೆ ತೆಗೆದರು, ಶಾಸ್ತ್ರಿಗಳು ಮೊದಲ ಗರಿ ಹಿಡಿದು ಧವಲದ ಮಂಗಲಾಚರಣೆಯನ್ನು ಅಲ್ಲಿ ನೆರೆದವರಿಗೆ ಓದಿ ಹೇಳಿದರು. ಕೇಳಿದವರಿಗೆ ಬಹಳ ಆನಂದವಾಯಿತು ಎಂದು ಮುಂದೆ ಈ ಚರಿತ್ರೆಯನ್ನು ಬರೆದಿಟ್ಟವರು ಹೇಳುತ್ತಾರೆ. ಆನಂದ ಆಗದೆ ಇರುತ್ತದೆಯೆ? ಅಜ್ಜ ಮುತ್ತಜ್ಜಂದಿರು ಬರಿಯ ಕಟ್ಟನ್ನಷ್ಟೇ ಕಂಡಿದ್ದ ಪುಸ್ತಕಕ್ಕೆ ಇದ್ದಕ್ಕಿದ್ದಂತೆ ಬಾಯಿ ಬಂದಿತ್ತು.

ಈ ಆನಂದದ ಒಳಗಡೆ ಇನ್ನೊಂದು ಸೊಗಸಿದೆ. ವೀರಸೇನರ ಪೀಠಿಕೆಯ ಗಾಹೆಗಳನ್ನು, ಅಂದರೆ ಪ್ರಾಕೃತ ಪದ್ಯಗಳನ್ನು, ದಾಟಿದರೆ ಎದುರಾಗುವ ಷಟ್‌ಖಂಡಾಗಮದ ಮೊಟ್ಟಮೊದಲ ಸೂತ್ರ ಬೇರೇನೂ ಅಲ್ಲ, ಣಮೋಕಾರ ಮಂತ್ರ. ಪ್ರತಿಯೊಂದು ಜೈನ ಮನೆಯಲ್ಲೂ ಮಗುವಿಗೆ ಮಾತು ಬರುವ ಮೊದಲೇ ಕಿವಿಗೆ ಬೀಳುವ ಮಂತ್ರ ಅದು. ಅಂದರೆ ಓದಬಾರದು, ಓದಿದರೆ ಕೇಡು ಎಂದು ಹೆದರಿಕೊಂಡು ದೂರ ನಿಂತಿದ್ದವರೆಲ್ಲ ಆ ಪುಸ್ತಕದ ಮೊದಲ ಸಾಲನ್ನು ದಿನವೂ ಬೆಳಗೆದ್ದು ಹೇಳಿಕೊಳ್ಳುತ್ತಲೇ ಇದ್ದರು. ಅದು ಪುಷ್ಪದಂತರದೇ ರಚನೆಯೊ, ಅವರಿಗಿಂತ ಹಿಂದಿನದೊ ಎಂಬುದು ಪಂಡಿತರಲ್ಲಿ ದೊಡ್ಡ ಚರ್ಚೆ. ನಾನು ಅದಕ್ಕೆ ಕೈಹಾಕುವುದಿಲ್ಲ.

ಸಡಗರದ ಗಳಿಗೆ ಮುಗಿಯಿತು. ಕಟ್ಟನ್ನು ಮತ್ತೆ ಕಟ್ಟಿಟ್ಟರು. ಮಂಗಲಾಚರಣೆ ಕೇಳಿದವರು ಪೂರ್ತಿ ಕೇಳಬೇಡವೆ? ಪ್ರತಿ ಮಾಡಿಸಬೇಕೆಂಬ ಆಸೆ ಹೀರಾಚಂದರಿಗೆ ಹತ್ತಿತು. ಹಣ ಕೂಡಿಸಬೇಕು, ಬಸದಿಯ ಆಡಳಿತದವರನ್ನು ಒಪ್ಪಿಸಬೇಕು. ಕೆಲಸ ಶುರುವಾದದ್ದು ಹನ್ನೆರಡು ವರ್ಷದ ಮೇಲೆ, 1896ರಲ್ಲಿ. ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಉಪಾಧ್ಯಾಯರೂ ಕೂತು ನಾಗರಿಯಲ್ಲಿ ಬರೆಯತೊಡಗಿದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿಗಳು ಮುಂದುವರಿಸಿದರು. ಸ್ಥಳೀಯ ಲಿಪಿಕಾರರು ಕನ್ನಡ ಪ್ರತಿಯನ್ನೂ ಮಾಡಿದರು. ಮೂರೂ ಗ್ರಂಥಗಳ ಪ್ರತಿ ಮುಗಿಯುವಾಗ 1922. ಮಾಣಿಕಚಂದರು 1914ರಲ್ಲೇ ಕಾಲವಾಗಿದ್ದರು.

ಇಪ್ಪತ್ತಾರು ವರ್ಷ ಏಕೆ ಬೇಕಾಯಿತು ಎಂದು ಕೇಳುವವರು ಹಳೆಯ ಗರಿಯನ್ನು ಹತ್ತಿರದಿಂದ ನೋಡಿಲ್ಲ ಎಂದೇ ಅರ್ಥ. ಪದ ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಪೂರ್ಣವಿರಾಮ ಎಲ್ಲೋ ಒಂದು ಕಡೆ. ಪ್ರಾಕೃತದಲ್ಲಿ ಒತ್ತಕ್ಷರಗಳು ಹೆಜ್ಜೆ ಹೆಜ್ಜೆಗೂ ಬರುತ್ತವೆ, ಕನ್ನಡ ಲಿಪಿಕಾರರು ಅದನ್ನು ತೋರಿಸಲು ಅಕ್ಷರದ ಹಿಂದೆ ಒಂದು ಸೊನ್ನೆ ಇಟ್ಟುಬಿಡುತ್ತಿದ್ದರು. ಅನುಸ್ವಾರಕ್ಕೂ ಅದೇ ಸೊನ್ನೆ. ಆದ್ದರಿಂದ ಪ್ರತಿ ಮಾಡುವವನು ಸೊನ್ನೆ ಕಂಡ ಕಡೆಯೆಲ್ಲ ನಿಂತು, ಇದು ಮೂಗಿನಿಂದ ಬರುವ ದನಿಯೊ, ಮುಂದಿನ ಅಕ್ಷರದ ದ್ವಿತ್ವವೊ ಎಂದು ಯೋಚಿಸಬೇಕು. ವಿಷಯ ತಿಳಿಯದವನಿಗೆ ಅದು ಬಗೆಹರಿಯುವುದಿಲ್ಲ. ವಿಷಯವೋ ಕರ್ಮಸಿದ್ಧಾಂತದ ಅತಿ ಸೂಕ್ಷ್ಮ ಲೆಕ್ಕಾಚಾರ. ದೇವನಾಗರಿಗೆ ಇಳಿಸುವಾಗ ಒಮ್ಮೆ ತಪ್ಪು ನಿರ್ಧಾರ ಮಾಡಿದರೆ ಮುಗಿಯಿತು, ಮುಂದಿನ ಓದುಗನಿಗೆ ಆ ಸೊನ್ನೆ ಕಾಣುವುದೇ ಇಲ್ಲ.

ಇಷ್ಟಾದರೂ ಪುಸ್ತಕ ಹೊರಗೆ ಬಂದಿರಲಿಲ್ಲ. ಮೂಲವೂ ಮೂಡುಬಿದಿರೆಯಲ್ಲಿ, ಪ್ರತಿಗಳೂ ಅಲ್ಲೇ. ಹೊರಗೆ ಕೊಡುವಂತಿಲ್ಲ ಎಂಬುದು ಕಟ್ಟಳೆ. ಹೊರಗೆ ಬಂದದ್ದು ಹಿಂದಿನ ಬಾಗಿಲಿನಿಂದ. ಬಸದಿಯಲ್ಲಿ ಹಗಲು ನಾಗರಿ ಪ್ರತಿ ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು, ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡಿದ್ದರು. ಅದನ್ನು ಮೊದಲು ತೋರಿಸಿದ ಕಡೆ, ಹೀಗೆ ಬಂದದ್ದು ನಮಗೆ ಬೇಡ ಎಂದರಂತೆ. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬುಪ್ರಸಾದರು ಹಣ ಕೊಟ್ಟು ಪಡೆದು ತಮ್ಮ ಮಂದಿರದಲ್ಲಿ ಇಟ್ಟರು. ಅಲ್ಲಿ ಇನ್ನೊಂದು ಪೇಚು. ಸಹಾರನಪುರದಲ್ಲಿ ಕನ್ನಡ ಓದುವವರು ಯಾರು? ಮತ್ತೆ ಕನ್ನಡ ಬಲ್ಲ ಪಂಡಿತರೊಬ್ಬರನ್ನು ಹುಡುಕಿ ಕರೆಸಬೇಕಾಯಿತು. ಅವರು ಓದುತ್ತಾ ಹೋದರು, ಸೀತಾರಾಮ ಶಾಸ್ತ್ರಿ ಎಂಬವರು ನಾಗರಿಯಲ್ಲಿ ಬರೆಯುತ್ತಾ ಹೋದರು. ಈ ಸೀತಾರಾಮ ಶಾಸ್ತ್ರಿಗಳೂ ಗಜಪತಿಗಳ ದಾರಿಯನ್ನೇ ಹಿಡಿದರು. ತಮಗೆಂದು ಒಂದು ಪ್ರತಿ ಉಳಿಸಿಕೊಂಡರು. ಅದರಿಂದ ಪ್ರತಿಯ ಮೇಲೆ ಪ್ರತಿಯಾಗಿ ಅಮರಾವತಿ, ಕಾರಂಜಾ, ಆರಾ, ಹೀಗೆ ನಾಲ್ಕಾರು ಭಂಡಾರಗಳಿಗೆ ಧವಲ ಹರಡಿತು.

ಇವರನ್ನು ಕಳ್ಳರೆನ್ನಬೇಕೆ? ನಂಬಿಕೆ ಇಟ್ಟು ಕೆಲಸ ಕೊಟ್ಟವರ ಮಾತು ಮೀರಿದ್ದು ನಿಜ, ಹಣ ಕೈ ಬದಲಾದದ್ದೂ ನಿಜ. ಬಸದಿಯವರಿಗೆ ನೋವಾಗಿದ್ದರೆ ಅದು ನ್ಯಾಯವೇ. ಆದರೆ ಲಕ್ಷ್ಮೀಬಾಯಿ ಎಂಬ ಆ ಹೆಣ್ಣುಮಗಳ ವಿಷಯ ಯೋಚಿಸಿದಾಗಲೆಲ್ಲ ನನ್ನ ತೀರ್ಪು ಸಡಿಲವಾಗುತ್ತದೆ. ಆಕೆ ಗಂಡನ ಜೊತೆ ಕೂತು ಬರೆದದ್ದು ಲಕ್ಷಾಂತರ ಅಕ್ಷರ. ದೇಮಿಯಕ್ಕ, ಮಲ್ಲಿಕಬ್ಬೆ ಬರೆಸಿದರು, ಈಕೆ ಬರೆದಳು. ಪ್ರಶಸ್ತಿ ಪದ್ಯ ಮಾತ್ರ ಈಕೆಗೆ ಇಲ್ಲ. ಮುಚ್ಚಿಟ್ಟವರನ್ನು ಹಳಿಯುವುದೂ ನನಗೆ ಒಪ್ಪಿಗೆಯಿಲ್ಲ. ಕರಾವಳಿಯ ಆ ಮಳೆಯಲ್ಲಿ, ಆ ಸೆಕೆಯಲ್ಲಿ, ಗೆದ್ದಲಿನ ನೆಲದಲ್ಲಿ ಎಂಟುನೂರು ವರ್ಷದ ಗರಿ ಉಳಿದದ್ದು ಯಾರೋ ದಿನವೂ ಅದನ್ನು ದೇವರೆಂದು ನೋಡಿಕೊಂಡದ್ದರಿಂದ. ಮೂರು ಗ್ರಂಥಗಳೂ ಉಳಿದದ್ದು ಜಗತ್ತಿನಲ್ಲೇ ಅದೊಂದು ಕಡೆ. ಆದರೆ ದೇವರೆಂದು ನೋಡಿಕೊಂಡರೂ ಕೆಲವು ಗರಿಗಳು ಮುರಿದವು, ಕೆಲವು ಇಲ್ಲವಾದವು. ಹುಳಕ್ಕೆ ದರ್ಶನದ ನೇಮವಿಲ್ಲ.

ಅಚ್ಚಿನ ಕಥೆಗೆ ಬರುತ್ತೇನೆ. ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು ಈ ಕೆಲಸಕ್ಕೆ ಹೆಗಲು ಕೊಟ್ಟರು. ಭೇಲಸಾದ, ಈಗಿನ ವಿದಿಶಾದ ಸೇಠ್ ಲಕ್ಷ್ಮೀಚಂದ್ ಸಿತಾಬರಾಯರು ದತ್ತಿ ಇಟ್ಟರು. ನೋಡಿ, ಇಲ್ಲೂ ಒಂದು ದತ್ತಿ; ನಿಮ್ಮಂಥವರು ಇಟ್ಟ ಹಣ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಇಟ್ಟವರಿಗೂ ತಿಳಿದಿರುವುದಿಲ್ಲ. ಸಹಾಯಕ್ಕೆ ಫೂಲಚಂದ್ರ ಶಾಸ್ತ್ರಿ ಮೊದಲಾದ ಪಂಡಿತರು. ಸಲಹೆಗೆ ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆದಿನಾಥ ನೇಮಿನಾಥ ಉಪಾಧ್ಯೆ. ಪ್ರಾಕೃತ ಬಲ್ಲ, ಹಳಗನ್ನಡ ಬಲ್ಲ, ಹಸ್ತಪ್ರತಿಗಳ ಜಾಡು ಬಲ್ಲ ಮನುಷ್ಯ. ಶಾಸ್ತ್ರವನ್ನು ಅಚ್ಚು ಹಾಕಿದರೆ ಅಪಚಾರ ಎಂಬ ಗಲಾಟೆಯೂ ಇತ್ತು. ಆದರೂ 1939ರಲ್ಲಿ ಹಿಂದಿ ಅನುವಾದದೊಂದಿಗೆ ಮೊದಲ ಸಂಪುಟ ಹೊರಬಂತು. ಬ್ರಹ್ಮಸೂರಿ ಶಾಸ್ತ್ರಿಗಳು ಮೊದಲ ಗರಿ ಓದಿದ ಮೇಲೆ ಐವತ್ತೈದು ವರ್ಷ. ಹದಿನಾರು ಸಂಪುಟಗಳು ಮುಗಿಯುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಷ್ಟು ಹಿಡಿಯಿತು.

ತೆರೆದ ಪುಸ್ತಕದೊಳಗೆ ಯಾರಿಗೆ ಏನು ಸಿಕ್ಕಿತು? ಕೇಳಿ. ನಾಲ್ಕನೆಯ ಸಂಪುಟ ಬರುವಾಗ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಎ. ಎನ್. ಸಿಂಗ್ ಅದಕ್ಕೆ ಒಂದು ಲೇಖನ ಬರೆದುಕೊಟ್ಟರು. ಮೋಕ್ಷದ ಪುಸ್ತಕದಲ್ಲಿ ಗಣಿತದವರಿಗೇನು ಕೆಲಸ ಎನ್ನಬೇಡಿ. ಲೋಕದ ಜೀವಗಳೆಷ್ಟು, ಕಾಲದ ಅಳತೆಯೇನು ಎಂದು ಲೆಕ್ಕ ಹಾಕಹೊರಟ ವೀರಸೇನರಿಗೆ ಭಾರೀ ಭಾರೀ ಸಂಖ್ಯೆಗಳನ್ನು ಹಿಡಿತಕ್ಕೆ ತರುವ ಉಪಾಯ ಬೇಕಾಗಿತ್ತು. ಅವರು ಅರ್ಧಚ್ಛೇದ ಎಂಬ ಮಾತು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ ಎಂಬುದೇ ಅದರ ಅರ್ಧಚ್ಛೇದ. 32ನ್ನು ಅರ್ಧ ಮಾಡಿ: 16, 8, 4, 2, 1. ಐದು ಸಲ. ಹಾಗೆಯೇ ಮೂರರಿಂದ ಕಡಿಯುವುದು, ನಾಲ್ಕರಿಂದ ಕಡಿಯುವುದು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಿದಂತಾಗುತ್ತದೆ ಎಂಬ ನಿಯಮವೂ ಅಲ್ಲಿದೆ. ಕಾಲೇಜಿನಲ್ಲಿ ಲಾಗರಿದಮ್ ಕಲಿತವರಿಗೆ ಇದರ ಪರಿಚಯ ಹತ್ತುತ್ತದೆ. ನೇಪಿಯರ್ ತನ್ನ ಲಾಗರಿದಮ್ ಪುಸ್ತಕ ಅಚ್ಚು ಹಾಕಿಸಿದ್ದು 1614ರಲ್ಲಿ. ಎಲ್ಲವೂ ನಮ್ಮಲ್ಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಇದ್ದದ್ದೂ ಕಟ್ಟಿನೊಳಗಿದ್ದರೆ ಇಲ್ಲದಂತೆಯೇ. ವೀರಸೇನರ ಲೆಕ್ಕ ಮುಂದಿನ ಗಣಿತದವರ ಕೈಗೆ ಸಿಗಲೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಇನ್ನೊಂದು ಪ್ರಸಂಗ ಇದಕ್ಕಿಂತ ರೋಚಕ. ಮೊದಲ ಸಂಪುಟದಲ್ಲಿ, ಅಂದರೆ ಬನವಾಸಿಯಲ್ಲಿ ಹುಟ್ಟಿದ ಆ 177 ಸೂತ್ರಗಳ ಭಾಗದಲ್ಲಿ, 93ನೆಯ ಸೂತ್ರ ಮನುಷ್ಯ ಸ್ತ್ರೀಗೆ ಸಂಬಂಧಿಸಿದ್ದು. ಆಧ್ಯಾತ್ಮಿಕವಾಗಿ ಆಕೆ ಯಾವ ಯಾವ ಮೆಟ್ಟಿಲು ಏರಬಲ್ಲಳು ಎಂದು ಅದು ಎಣಿಸುತ್ತದೆ. ಸಂಪಾದಕರ ಬಳಿ ಅಮರಾವತಿ, ಆರಾ, ಕಾರಂಜಾ ಮೂರೂ ಕಡೆಯ ಪ್ರತಿಗಳಿದ್ದವು. ಮೂರರಲ್ಲೂ ಪಟ್ಟಿ ಒಂದು ಮೆಟ್ಟಿಲು ಮುಂಚೆಯೇ ನಿಂತಿತ್ತು. ಆದರೆ ಅದರ ಕೆಳಗೆ ವೀರಸೇನರು ಒಂದು ಪ್ರಶ್ನೆ ಎತ್ತಿಕೊಂಡಿದ್ದಾರೆ: ಹಾಗಾದರೆ ಸ್ತ್ರೀಗೆ ಮೋಕ್ಷವಿದೆಯೆಂದು ಈ ಆರ್ಷವಾಕ್ಯದಿಂದಲೇ ಸಿದ್ಧವಾಗುವುದಿಲ್ಲವೆ ಎಂದು. ದಿಗಂಬರ ಸಂಪ್ರದಾಯಕ್ಕೆ ತಕ್ಕ ಸಮಾಧಾನವನ್ನೂ ಅವರೇ ಹೇಳುತ್ತಾರೆ. ಸಂಪಾದಕರಿಗೆ ಅನುಮಾನ ಬಂದದ್ದು ಅಲ್ಲಿ. ಸೂತ್ರದಲ್ಲಿ ಅಂಥ ಮಾತೇ ಇಲ್ಲದಿದ್ದರೆ ಆ ಪ್ರಶ್ನೆ ಏಳುವುದಾದರೂ ಹೇಗೆ? ಆ ಪಟ್ಟಿಯಲ್ಲಿ ‘ಸಂಜದ’, ಎಂದರೆ ಪೂರ್ಣ ಸಂಯಮದ ಸ್ಥಾನ, ಎಂಬ ಒಂದು ಪದ ಬಿಟ್ಟುಹೋಗಿರಬೇಕು ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅಷ್ಟೇ ಸಾಕಾಯಿತು. ಹೆಂಗಸರ ಮೋಕ್ಷದ ವಿಷಯ ನೋಡಿ. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ದೊಡ್ಡ ಜಗಳವೆದ್ದಿತು. ಮೂರು ಪ್ರತಿಗಳಲ್ಲಿ ಇಲ್ಲದ್ದನ್ನು ಸೇರಿಸಲು ಇವರ್ಯಾರು ಎಂದು ಬೈದವರಿಗೆ, ಆ ಮೂರೂ ಸೀತಾರಾಮ ಶಾಸ್ತ್ರಿಗಳ ಒಂದೇ ಪ್ರತಿಯ ಮಕ್ಕಳು, ಹಾಗಾಗಿ ಸಾಕ್ಷಿ ಮೂರಲ್ಲ ಒಂದೇ ಎಂಬುದು ಹೊಳೆಯಲಿಲ್ಲ.

ಉತ್ತರ ಇದ್ದದ್ದು ಮೂಡುಬಿದಿರೆಯಲ್ಲಿ. ಅಚ್ಚಾದ ಸಂಪುಟಗಳ ಶಿಸ್ತನ್ನು ನೋಡಿ ಅಲ್ಲಿನ ಭಟ್ಟಾರಕರೂ ಆಡಳಿತದವರೂ ಮನಸ್ಸು ಬಿಚ್ಚಿದ್ದರು. ಮೂಲ ಗರಿಗಳೊಂದಿಗೆ ತಾಳೆ ನೋಡಲು ಒಪ್ಪಿಗೆ ಕೊಟ್ಟಿದ್ದರು. ಮೂಡುಬಿದಿರೆಯ ಲೋಕನಾಥ ಶಾಸ್ತ್ರಿಗಳಂಥ ವಿದ್ವಾಂಸರು ಆ ಕೆಲಸಕ್ಕೆ ಕೂತರು. 93ನೆಯ ಸೂತ್ರದ ಗರಿ ತೆಗೆದು ನೋಡಿದರೆ, ‘ಸಂಜದ’ ಇದೆ. ದೇಮಿಯಕ್ಕ ಬರೆಸಿದ ಹೊತ್ತಿನಿಂದ ಅಲ್ಲೇ ಇದೆ. ಬಿಟ್ಟುಹೋದದ್ದು ನಮ್ಮ ಕಾಲದ ಅವಸರದಲ್ಲಿ, ಯಾರದೋ ರಾತ್ರಿಯ ದೀಪದ ಕೆಳಗೆ.

ನನ್ನನ್ನು ಕೇಳಿದರೆ ಧವಲ ನಿಜಕ್ಕೂ ತೆರೆದುಕೊಂಡ ಗಳಿಗೆ ಇದು. 1884ರಲ್ಲಿ ದಾರ ಬಿಚ್ಚಿದಾಗ ಕೇಳಿಸಿದ್ದು ಬರಿಯ ಮಂಗಲಾಚರಣೆ. ಆಗಿನ ಹರ್ಷಕ್ಕೆ ಬೆಲೆಯಿಲ್ಲ ಎನ್ನುವುದಿಲ್ಲ. ಆ ಹರ್ಷ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ಪೂಜೆ ಮಾಡುವವನಿಗೂ, ಜಗಳವಾಡುವವನಿಗೂ, ಪ್ರತಿ ಮಾಡಿದವನಿಗೂ ಗೊತ್ತಿಲ್ಲದ ಒಂದನ್ನು ಗರಿ ತಾನಾಗಿ ಹೇಳಿದ್ದು ಎರಡನೆಯ ಸಲ. ಹೊಸ ಪುಸ್ತಕದ ಪರಿಮಳದ ಬಗ್ಗೆ ನಾವು ಬಹಳ ಬರೆದುಕೊಂಡಿದ್ದೇವೆ. ಪುಸ್ತಕ ನಮ್ಮ ಮಾತಿಗೆ ಎದುರು ಹೇಳುವ ಪುಟಕ್ಕೆ ಬಂದಾಗ ಆಗುವ ಕಸಿವಿಸಿಯನ್ನೂ ಸಡಗರದ ಲೆಕ್ಕಕ್ಕೇ ಹಾಕಬೇಕೆಂದು ನನ್ನ ವಾದ.

ಹಿಂದಿ ಸಂಪುಟಗಳ ನೆರವಿಲ್ಲದೆ ಕನ್ನಡದಲ್ಲೇ ಓದಬೇಕೆನ್ನುವವರಿಗೆ ಈಗ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ ಕನ್ನಡ ಅನುವಾದದ ಕೆಲಸ ಮಾಡಿದೆ. ಕನ್ನಡ ಲಿಪಿಯಲ್ಲಿ ಉಳಿದ ಪುಸ್ತಕ ಕನ್ನಡ ಭಾಷೆಗೆ ಬರಲು ಇಷ್ಟು ಸುತ್ತಬೇಕಾಯಿತು: ಮೂಡುಬಿದಿರೆ, ಸಹಾರನಪುರ, ಅಮರಾವತಿ, ಬೆಳಗೊಳ.

ಮೊದಲು ಹೀಗಿರಲಿಲ್ಲ ಎಂಬುದನ್ನೂ ಹೇಳಿ ಮುಗಿಸುತ್ತೇನೆ. ಇಂದ್ರನಂದಿಯ ಶ್ರುತಾವತಾರ ಎಂಬ ಕೃತಿ ಷಟ್‌ಖಂಡಾಗಮಕ್ಕೆ ಯಾರು ಯಾರು ಟೀಕೆ ಬರೆದರು ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ವೀರಸೇನರಿಗಿಂತ ಮೊದಲೇ ತುಂಬಲೂರಾಚಾರ್ಯರ ಹೆಸರು ಬರುತ್ತದೆ. ಅವರು ಬರೆದ ಟೀಕೆ ಚೂಡಾಮಣಿ, ಗಾತ್ರ 84,000 ಗ್ರಂಥ, ಭಾಷೆ ಕನ್ನಡ. ಆರನೆಯ ಖಂಡಕ್ಕೆ 7,000 ಗ್ರಂಥದ ಪಂಜಿಕೆ ಬೇರೆ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನೂ ಕನ್ನಡದ ಹಿರಿಮೆಗೆ ಸಾಕ್ಷಿಯಾಗಿ ಚೂಡಾಮಣಿಯ ಹೆಸರು ಹೇಳುತ್ತಾನೆ. ಅವನು ಕೊಡುವ ಗಾತ್ರ 96,000, ವಿಷಯವೂ ಕೊಂಚ ಬೇರೆ. ಎರಡೂ ಒಂದೇ ಗ್ರಂಥವೊ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ಗರಿಯೂ ಸಿಕ್ಕಿಲ್ಲ. ಇಂದ್ರನಂದಿಯ ಅನುಕ್ರಮವನ್ನು ನಂಬುವುದಾದರೆ ಅದು ಕವಿರಾಜಮಾರ್ಗಕ್ಕಿಂತ ಹಿಂದಿನ ಕನ್ನಡ, ಪ್ರಾಕೃತದ ಬಿಗಿಯಾದ ಸೂತ್ರಗಳನ್ನು ಬಿಡಿಸಿ ಹೇಳಬಲ್ಲಷ್ಟು ಪಳಗಿದ ಕನ್ನಡ. ವಡ್ಡಾರಾಧನೆಯನ್ನು 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಕೊಟ್ಟಾಗ ಹಳೆಯ ಗದ್ಯದ ಒಂದು ಕಿಟಕಿ ತೆರೆದಿತ್ತು. ಇದು ಸಿಕ್ಕರೆ ಬಾಗಿಲೇ ತೆರೆದಂತೆ.

ಯಾವ ಬಸದಿಯ ಅಟ್ಟದಲ್ಲೋ, ಯಾವ ಪುರೋಹಿತ ಇಂದ್ರರ ಮನೆಯ ಪೆಟ್ಟಿಗೆಯಲ್ಲೋ ಚೂಡಾಮಣಿಯ ಕಟ್ಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಪೂಜೆ ಆಮೇಲೆ ಆಗಲಿ. ನಾನು ಮೊದಲು ಹುಡುಕುವುದು 93ನೆಯ ಸೂತ್ರದ ಟೀಕೆಯನ್ನು. ತುಂಬಲೂರಿನವರ ಎದುರಿಗಿದ್ದ ಪಾಠದಲ್ಲಿ ಆ ಪದ ಇತ್ತೆ, ಇದ್ದರೆ ಅದನ್ನು ಅವರು ಕನ್ನಡದಲ್ಲಿ ಹೇಗೆ ಬಿಡಿಸಿದರು ಎಂದು ನೋಡಬೇಕಾಗಿದೆ.